ಹೊಗೆಸೊಪ್ಪಿನ ಬ್ಯಾರನ್: ಸೌದೆ ಉಳಿತಾಯ ಅಳೆಯುವ ಬಗೆ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮಳೆಗಾಲದ ನಡುವೆ ಬ್ಯಾರನ್ ಒಲೆಗಳು ಉರಿಯತೊಡಗುತ್ತವೆ. ವರ್ಜೀನಿಯಾ ಹೊಗೆಸೊಪ್ಪಿನ ಖರ್ಚಿನಲ್ಲಿ ಗೊಬ್ಬರ, ಕೂಲಿಗಳ ಜೊತೆಗೆ ಸೌದೆಯದೂ ದೊಡ್ಡ ಪಾಲು. ನಾಗರಹೊಳೆ ಕಾಡಿನ ಮಗ್ಗುಲಲ್ಲೇ ಇರುವ ಈ ಸೀಮೆಯಲ್ಲಿ ಉಳಿದ ಪ್ರತಿಯೊಂದು ಗಾಡಿ ಸೌದೆಯೂ ಉಳಿದ ಮರವೇ ಸರಿ.

ಮಾಡಿಗೆ ಹೊದಿಕೆ ಹಾಕಿದರೆ, ಒಲೆ ತಿದ್ದಿದರೆ ಸೌದೆ ಉಳಿಯುತ್ತದೆಂದು ಕೇಳಿ ರೈತರು ಹಣ ಹಾಕುತ್ತಾರೆ. ಆ ಹಣ ಮರಳಿತೇ ಇಲ್ಲವೇ ಎಂದು ತಿಳಿಯಲು ತಕ್ಕಡಿಯೊಂದೇ ದಾರಿ.

ಶಾಖ ಹೋಗುವುದೆಲ್ಲಿ?

ಹಸಿ ಸೊಪ್ಪಿನ ತೂಕದಲ್ಲಿ ನೂರಕ್ಕೆ 80ರಿಂದ 90 ಭಾಗ ನೀರೇ. ಒಂದು ಕಿಲೋ ಹದವಾದ ಸೊಪ್ಪು ಪಡೆಯಲು ಸುಮಾರು 6 ಕಿಲೋ ನೀರನ್ನು ಆವಿ ಮಾಡಬೇಕು. ಇದಕ್ಕೆ ಬೇಕಾದ ಶಾಖ ಸುಮಾರು 3,500 ಕಿಲೋ ಕ್ಯಾಲೊರಿ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಹೆಚ್ಚುಕಡಿಮೆ ಇಷ್ಟೇ ಶಾಖವಿದೆ. ಆದರೂ ಸಾಮಾನ್ಯ ಬ್ಯಾರನ್ನಿನಲ್ಲಿ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಉಳಿದ ಶಾಖ ಹೊಗೆಗೊಳವೆ, ಮಾಡು, ಗೋಡೆಯ ಬಿರುಕು ಮತ್ತು ತೆರೆದ ಗಾಳಿಕಿಂಡಿಗಳ ಮೂಲಕ ಹೊರಗೆ ಹೋಗುತ್ತದೆ.

ಬಿಸಿಗಾಳಿ ಮೇಲಕ್ಕೇರುವುದರಿಂದ ಮಾಡಿನ ಹೊದಿಕೆ ಮತ್ತು ಮೇಲಿನ ಕಿಂಡಿಯ ಹತೋಟಿ ಮುಖ್ಯ. ಸೊಪ್ಪು ಹಳದಿಗೆ ತಿರುಗುವಾಗ 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಶಾಖ ಸಾಕು. ಆಗ ಕಿಂಡಿಗಳನ್ನು ಮುಚ್ಚಿರಬೇಕು. ಎಲೆ ಒಣಗುವಾಗ ತೆರೆದು, ನಡುನರ ಒಣಗುವ ಕಡೆಯ ಹಂತದಲ್ಲಿ ಮತ್ತೆ ಮುಚ್ಚಿ, ಶಾಖವನ್ನು 160 ಡಿಗ್ರಿಯವರೆಗೆ ಏರಿಸಬೇಕು. ಇದನ್ನು ಅಂದಾಜಿನಲ್ಲಿ ಮಾಡದೆ ಒಣ ಮತ್ತು ಒದ್ದೆ ಬಲ್ಬಿನ ಉಷ್ಣಮಾಪಕ ನೋಡಿ ಮಾಡಬೇಕು.

ಲೆಕ್ಕದ ಕ್ರಮ

1. ಸುಧಾರಣೆಗೆ ಮೊದಲು ಕನಿಷ್ಠ ಮೂರು ಬ್ಯಾರನ್ ಸೊಪ್ಪಿಗೆ ಉರಿದ ಸೌದೆಯನ್ನು ತೂಗಿ ಬರೆದಿಡಬೇಕು. ಗಾಡಿ ಲೆಕ್ಕ ಸಾಲದು.
2. ಪ್ರತಿ ಸಲವೂ ಹದವಾಗಿ ಇಳಿದ ಸೊಪ್ಪನ್ನು ತೂಗಬೇಕು.
3. ಸೌದೆಯ ತೂಕವನ್ನು ಸೊಪ್ಪಿನ ತೂಕದಿಂದ ಭಾಗಿಸಬೇಕು. ಸುಧಾರಣೆಯ ನಂತರವೂ ಹೀಗೆಯೇ ಮಾಡಿ ಎರಡನ್ನೂ ಹೋಲಿಸಬೇಕು.

ಉದಾಹರಣೆಗೆ, ಮೊದಲು 900 ಕಿಲೋ ಸೊಪ್ಪಿಗೆ 4,500 ಕಿಲೋ ಸೌದೆ ಬೇಕಾಯಿತು ಎಂದುಕೊಳ್ಳೋಣ. ಅಂದರೆ ಕಿಲೋಗೆ 5. ನಂತರ 1,000 ಕಿಲೋ ಸೊಪ್ಪಿಗೆ 4,200 ಕಿಲೋ ಸಾಕಾಯಿತು. ಅಂದರೆ ಕಿಲೋಗೆ 4.2. ಬರೀ ಸೌದೆಯ ರಾಶಿ ನೋಡಿದವರಿಗೆ ಉಳಿದದ್ದು 300 ಕಿಲೋ. ಆದರೆ ಹಳೆಯ ರೀತಿಯಲ್ಲಿ 1,000 ಕಿಲೋ ಸೊಪ್ಪಿಗೆ 5,000 ಕಿಲೋ ಸೌದೆ ಬೇಕಿತ್ತು. ನಿಜವಾದ ಉಳಿತಾಯ 800 ಕಿಲೋ, ಅಂದರೆ ನೂರಕ್ಕೆ 16. ಇದನ್ನು ಊರಿನ ಸೌದೆ ದರದಿಂದ ಗುಣಿಸಿ, ಸುಧಾರಣೆಗೆ ಹಾಕಿದ ಹಣ ಎಷ್ಟು ಹಂಗಾಮಿನಲ್ಲಿ ಹಿಂದಿರುಗುತ್ತದೆಂದು ನೋಡಬಹುದು.

ಲೆಕ್ಕ ತಪ್ಪುವ ಕಡೆಗಳು

ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಮೊದಲು ಹಸಿ ಸೌದೆ, ನಂತರ ಒಣಸೌದೆ ಉರಿಸಿ ಹೋಲಿಸಿದರೆ ಸೌದೆ ಒಣಗಿಸಿದ್ದರ ಲಾಭವೂ ಹೊದಿಕೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಜಡಿಮಳೆಯ ವಾರವನ್ನು ಬಿಸಿಲಿನ ವಾರದೊಡನೆ, ತಳದ ಎಲೆಯನ್ನು ಮೇಲಿನ ಎಲೆಯೊಡನೆ ಹೋಲಿಸುವುದೂ ಸರಿಯಲ್ಲ. ಎರಡು ಬ್ಯಾರನ್ ಇರುವವರು ಒಂದನ್ನು ಮಾತ್ರ ತಿದ್ದಿ, ಒಂದೇ ವಾರ, ಒಂದೇ ಹೊಲದ ಸೊಪ್ಪನ್ನು ಎರಡರಲ್ಲೂ ಹದಮಾಡಿ ನೋಡುವುದು ಉತ್ತಮ. ಒಂದೇ ಬ್ಯಾರನ್ ಇದ್ದವರು ನೆರೆಯವರೊಡನೆ ಕೂಡಿ ಮಾಡಬಹುದು.

ಇನ್ನೊಂದು ಎಚ್ಚರಿಕೆ. ಸೌದೆ ಉಳಿಸುವ ಆಸೆಯಿಂದ, ಎಲೆ ಒಣಗುವಾಗ ಕಿಂಡಿ ತೆರೆಯದೆ ತೇವ ಕಟ್ಟಿದರೆ ಬಣ್ಣ ಕೆಟ್ಟು ಹರಾಜಿನಲ್ಲಿ ದರ್ಜೆ ಇಳಿಯುತ್ತದೆ. ಸೌದೆಯಲ್ಲಿ ಉಳಿದದ್ದು ಬೆಲೆಯಲ್ಲಿ ಹೋಗುತ್ತದೆ. ಆದ್ದರಿಂದ ಸೌದೆಯ ಪಕ್ಕದಲ್ಲೇ ಸೊಪ್ಪಿಗೆ ಸಿಕ್ಕ ದರವನ್ನೂ ಬರೆಯಬೇಕು. ಹುಲ್ಲಿನ ಹೊದಿಕೆ ಹಾಕುವವರು ಅದು ಹೊಗೆಗೊಳವೆಗೆ ತಾಗದಂತೆ ನೋಡಿಕೊಳ್ಳಬೇಕು. ಒಂದು ಕಿಡಿಗೆ ವರ್ಷದ ದುಡಿಮೆ ಬೂದಿಯಾದೀತು.

ಬ್ಯಾರನ್ ಬಾಗಿಲಲ್ಲಿ ಒಂದು ತಕ್ಕಡಿ, ಗೋಡೆಯ ಗೂಟಕ್ಕೆ ಒಂದು ಪುಸ್ತಕ ಇರಲಿ. ಒಂದು ಹಂಗಾಮು ಬಿಡದೆ ಬರೆದ ರೈತರು ಮುಂದಿನ ವರ್ಷ ಯಾವ ಸುಧಾರಣೆಗೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದನ್ನು ತಾವೇ ತೀರ್ಮಾನಿಸಬಲ್ಲರು.