ಎರಕವೂ ಅಂಕೆಯೂ



ಹಳೆಯ ಮಿಲ್ಲಿಂಗ್ ಯಂತ್ರಗಳಿಗೆ ಗಣಕ ನಿಯಂತ್ರಣವನ್ನು ಜೋಡಿಸಿ ಅವುಗಳನ್ನು ಇಂದಿನ ದುಡಿಮೆಗೆ ಅಣಿಗೊಳಿಸಿರುವ ನಿಮ್ಮ ಶ್ರಮವನ್ನು ಸಾರ್ವಜನಿಕರ ಮುಂದಿಡುವ ಈ ಪ್ರದರ್ಶನವನ್ನು ಉದ್ಘಾಟಿಸುವ ಗೌರವವನ್ನು ನನಗೆ ಇತ್ತಿದ್ದೀರಿ. ಹೊಸ ಯಂತ್ರಗಳ ಪ್ರದರ್ಶನ ನಮ್ಮ ಬೆಂಗಳೂರಿಗೆ ಅಪರೂಪವೇನೂ ಅಲ್ಲ. ತುಮಕೂರು ರಸ್ತೆಯ ವಿಶಾಲ ಮಂಟಪಗಳಲ್ಲಿ ಅವು ಆಗಿಂದಾಗ್ಗೆ ನಡೆಯುತ್ತಲೇ ಇರುತ್ತವೆ. ಆದರೆ ದಶಕಗಳ ಕಾಲ ದುಡಿದು, ಮೂಲೆ ಸೇರಿ, ಗುಜರಿಯವರ ತಕ್ಕಡಿಗೆ ಏರಲಿದ್ದ ಯಂತ್ರಗಳನ್ನೇ ಮುಂದಿರಿಸಿ, ಇವು ಇನ್ನೂ ದುಡಿಯಬಲ್ಲವೆಂದು ಕೆಲಸ ಮಾಡಿಸಿಯೇ ತೋರಿಸುವ ಪ್ರದರ್ಶನ ವಿರಳವಾದುದು, ವಿರಳವಾದುದರಿಂದಲೇ ಆದರಣೀಯವಾದುದು.

ಹಳೆಯ ಯಂತ್ರಕ್ಕೆ ಹೊಸ ನಿಯಂತ್ರಣವನ್ನು ತೊಡಿಸುವುದು ಹೊಸದನ್ನು ಕೊಳ್ಳಲಾರದವರ ತೇಪೆಗೆಲಸವೆಂದು ಭಾವಿಸುವವರು ನಮ್ಮಲ್ಲಿ ಉಂಟು. ಸಂಖ್ಯಾನಿಯಂತ್ರಣದ ಇತಿಹಾಸವನ್ನು ಬಲ್ಲವರು ಹಾಗೆನ್ನಲಾರರು. ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬವರು, ರೆಕ್ಕೆಯ ವಕ್ರರೇಖೆಯನ್ನು ಬಿಂದುಬಿಂದುವಾಗಿ ಲೆಕ್ಕಹಾಕಿ, ಆ ಲೆಕ್ಕದಂತೆಯೇ ಕಟರನ್ನು ನಡೆಸಬಹುದೆಂಬ ವಿಚಾರವನ್ನು ತಮ್ಮ ಸಹೋದ್ಯೋಗಿ ಫ್ರಾಂಕ್ ಸ್ಟುಲೆನ್ನರೊಡನೆ ಬೆಳೆಸಿದರು. 1949ರಲ್ಲಿ ಆ ದೇಶದ ವಾಯುಪಡೆ ಅದಕ್ಕೆ ಹಣವೊದಗಿಸಿತು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸರ್ವೋ ಪ್ರಯೋಗಶಾಲೆ ಕೆಲಸವನ್ನು ಕೈಗೆತ್ತಿಕೊಂಡಿತು. 1952ರಲ್ಲಿ, ರಂಧ್ರಗಳನ್ನು ಕೊರೆದ ಪಟ್ಟಿಯ ಆಜ್ಞೆಯಂತೆ ಮೂರು ದಿಕ್ಕುಗಳಲ್ಲಿ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಆ ಪ್ರಯೋಗಶಾಲೆಯವರು ಲೋಕಕ್ಕೆ ತೋರಿಸಿದರು. ಅದಕ್ಕಾಗಿ ಅವರು ಹೊಸ ಎರಕ ಹೊಯ್ಯಲಿಲ್ಲ. ಆಗಲೇ ಬಳಕೆಯಲ್ಲಿದ್ದ ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಯಂತ್ರವನ್ನು ತಂದು, ಅದರ ಹಳೆಯ ನಿಯಂತ್ರಣದ ಏರ್ಪಾಟನ್ನು ಕಳಚಿ, ಆ ಸ್ಥಾನದಲ್ಲಿ ಸರ್ವೋ ಯಂತ್ರಾಂಗಗಳನ್ನು ಕೂರಿಸಿದರು. ಎಂದರೆ, ಜಗತ್ತಿನ ಮೊತ್ತಮೊದಲ ಸಂಖ್ಯಾನಿಯಂತ್ರಿತ ಮಿಲ್ಲಿಂಗ್ ಯಂತ್ರವೇ ಮರುಜೋಡಣೆಗೊಂಡ ಯಂತ್ರ. ನೀವು ಇಲ್ಲಿ ಮಾಡಿರುವುದು ಆ ವಿದ್ಯೆಯ ಮೂಲಸಂಪ್ರದಾಯದ ಮುಂದುವರಿಕೆಯೇ ಹೊರತು ಬೇರೆಯಲ್ಲ.

ನಮ್ಮ ನಾಡಿನಲ್ಲಿ ಈ ಕಾರ್ಯಕ್ಕೆ ವಿಶೇಷವಾದ ಅವಕಾಶವಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ತಲೆಯೆತ್ತಿತು. 1961ರಲ್ಲಿ ಜರ್ಮನಿಯ ನೆರವಿನೊಡನೆ ಭಾರತ್ ಫ್ರಿಟ್ಜ್ ವರ್ನರ್ ಮಿಲ್ಲಿಂಗ್ ಯಂತ್ರಗಳ ನಿರ್ಮಾಣಕ್ಕೆಂದು ಸ್ಥಾಪನೆಯಾಯಿತು. ಮರುವರ್ಷವೇ ಯಂತ್ರೋಪಕರಣಗಳ ಸಂಶೋಧನೆಗೆಂದು ಕೇಂದ್ರೀಯ ಸಂಸ್ಥೆಯೊಂದು ತುಮಕೂರು ರಸ್ತೆಯಲ್ಲಿ ಬಂದು ನೆಲೆಸಿತು. ಈ ಕಾರ್ಖಾನೆಗಳಿಂದ ಹೊರಬಂದ ಯಂತ್ರಗಳು ಪೀಣ್ಯ, ರಾಜಾಜಿನಗರಗಳ ಸಣ್ಣ ಸಣ್ಣ ಶೆಡ್ಡುಗಳಲ್ಲಿ, ಹುಬ್ಬಳ್ಳಿ ಬೆಳಗಾವಿಗಳ ವರ್ಕ್‌ಷಾಪುಗಳಲ್ಲಿ, ಐ.ಟಿ.ಐ.ಗಳ ಅಂಗಳಗಳಲ್ಲಿ ಇಂದಿಗೂ ನಿಂತಿವೆ. ಎಚ್.ಎಂ.ಟಿ.ಯ ಎಫ್‌ಎನ್-2 ಯಂತ್ರದ ಮುಂದೆ ನಿಂತು ಮೊದಲ ಬಾರಿಗೆ ಉಕ್ಕನ್ನು ಕಡಿಯಲು ಕಲಿತ ಎಷ್ಟೋ ಮಂದಿ ಈ ಸಭೆಯಲ್ಲಿಯೇ ಇರುವರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆ ಯಂತ್ರಗಳಲ್ಲಿ ಉಳಿಸಿಕೊಳ್ಳತಕ್ಕದ್ದು ಏನಿದೆ ಎಂದು ಕೇಳಿದರೆ, ಎಲ್ಲಕ್ಕಿಂತ ಮೊದಲು ಅವುಗಳ ಎರಕ. ಬೀಡುಕಬ್ಬಿಣಕ್ಕೆ ಕಂಪನವನ್ನು ನುಂಗಿಕೊಳ್ಳುವ ಗುಣ ಸಹಜವಾದುದು. ಅದರಿಂದಲೇ ಕಟರು ಗಟ್ಟಿ ಉಕ್ಕಿಗೆ ಹಲ್ಲು ಹಾಕಿದಾಗ ಯಂತ್ರ ನಡುಗದೆ ನಿಲ್ಲುತ್ತದೆ. ಮೇಲಾಗಿ, ಹೊಸದಾಗಿ ಹೊಯ್ದ ಎರಕದ ಒಡಲಲ್ಲಿ ಬಿಗುಪುಗಳು ಉಳಿದಿರುತ್ತವೆ. ಅವು ಸಡಿಲಗೊಳ್ಳುತ್ತ ಬಂದಂತೆ ಭಾಗಗಳು ಅಷ್ಟಿಷ್ಟು ಬಾಗುವುದುಂಟು. ದಶಕಗಳನ್ನು ಕಂಡ ಎರಕ ಬಾಗತಕ್ಕಷ್ಟನ್ನು ಆಗಲೇ ಬಾಗಿ, ಇನ್ನು ಅಲುಗದೆ ನಿಲ್ಲುವ ಸ್ಥಿತಿಗೆ ಬಂದಿರುತ್ತದೆ. ಹೀಗೆ ಹದಗೊಂಡ ಟನ್ನುಗಟ್ಟಲೆ ಲೋಹವನ್ನು ಕಿಲೋ ಲೆಕ್ಕದಲ್ಲಿ ಮಾರಿ, ಅಷ್ಟನ್ನೇ ಮತ್ತೆ ಕರಗಿಸಿ ಹೊಯ್ಯುವುದಕ್ಕೆ ಕಲ್ಲಿದ್ದಲನ್ನೂ ವಿದ್ಯುತ್ತನ್ನೂ ವ್ಯಯಮಾಡುವುದು ವಿವೇಕವೆನಿಸದು.

ಆದರೆ ಪೂಜ್ಯ ಭಾವನೆಯೊಂದರಿಂದಲೇ ಯಂತ್ರ ನಡೆಯುವುದಿಲ್ಲ. ಹಳೆಯ ಯಂತ್ರದಲ್ಲಿ ಸವೆದಿರತಕ್ಕ ಭಾಗಗಳೂ ಉಂಟು. ಗಣಕವನ್ನು ಜೋಡಿಸಿದ ಮಾತ್ರಕ್ಕೆ ಆ ಸವೆತ ಮಾಯವಾಗುವುದಿಲ್ಲ. ಈ ಪ್ರದರ್ಶನದ ಸಂದರ್ಭದಲ್ಲಿ ನಾನು ಹೇಳಬಯಸುವ ಮುಖ್ಯ ಮಾತು ಇದೇ: ಯಂತ್ರದ ಮೈ ಮೊದಲು ನೇರವಾಗಬೇಕು, ನಿಯಂತ್ರಣ ಅದರ ಹಿಂದೆ ಬರಬೇಕು. ಮೇಣ ಸಡಿಲಿ ಮೆಟ್ಟಿಲುಗಳು ಜಾರಿದ ವೀಣೆಯನ್ನು ಎಂಥ ವಿದ್ವಾಂಸರ ಕೈಗೆ ಕೊಟ್ಟರೂ ಸ್ವರ ಸ್ಥಾನದಲ್ಲಿ ನಿಲ್ಲಲಾರದು.

ಇದನ್ನು ಸ್ವಲ್ಪ ವಿವರಿಸುವುದಕ್ಕೆ ಅಪ್ಪಣೆ ಕೊಡಿ. ಹಳೆಯ ಯಂತ್ರದ ಟೇಬಲನ್ನು ನಡೆಸುವುದು ಲೀಡ್ ಸ್ಕ್ರೂ. ಅದರ ಎಳೆಗೂ ನಟ್ಟಿಗೂ ನಡುವೆ ಸವೆತದಿಂದ ತೆರವು ಬಿದ್ದು, ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದಾಗ ಟೇಬಲ್ ಕದಲುವ ಮೊದಲು ಡಯಲಿನ ಕೆಲವು ಗೆರೆಗಳು ಸುಮ್ಮನೆ ಸರಿದುಹೋಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಬ್ಯಾಕ್‌ಲ್ಯಾಷ್ ಎಂದು ನಾವು ಕರೆಯುವ ಈ ತೆರವನ್ನು ಅನುಭವಿ ಆಪರೇಟರ್ ತನ್ನ ಕೈಯ ಅಳವಿನಿಂದ ಗೆಲ್ಲುತ್ತಾನೆ. ಯಾವಾಗಲೂ ಒಂದೇ ಕಡೆಯಿಂದ ಬಂದು ಅಳತೆಯನ್ನು ಹಿಡಿಯುತ್ತಾನೆ. ಗಣಕವೂ ತಿರುವಿನಲ್ಲಿ ಅಷ್ಟನ್ನು ಕೂಡಿಸಿ ನಡೆಸಬಲ್ಲುದು. ಆದರೆ ಕಟರಿನ ಸುತ್ತು ಜಾಬನ್ನು ಮುನ್ನಡೆಯ ದಿಕ್ಕಿಗೇ ಎಳೆಯುವ ಬಗೆಯ ಮಿಲ್ಲಿಂಗಿನಲ್ಲಿ, ಆ ತೆರವು ಇರುವಷ್ಟು ದೂರ ಟೇಬಲ್ ತಟಕ್ಕನೆ ಜಿಗಿದು, ಕಟರಿನ ಹಲ್ಲು ಮುರಿಯುತ್ತದೆ. ಆ ಎಳೆತದ ಬಲವನ್ನು ಯಾವ ಲೆಕ್ಕಾಚಾರವೂ ತಡೆಯಲಾರದು. ಆದಕಾರಣ ಲೀಡ್ ಸ್ಕ್ರೂವನ್ನು ತೆಗೆದು, ಉಕ್ಕಿನ ಗುಂಡುಗಳು ಉರುಳುವ ಬಾಲ್ ಸ್ಕ್ರೂವನ್ನು ಹಾಕತಕ್ಕದ್ದು. ಅಲ್ಲಿಯೂ ಎಚ್ಚರಿಕೆ ಬೇಕು: ಹಳೆಯ ಸ್ಕ್ರೂ ತನ್ನ ಘರ್ಷಣೆಯಿಂದಲೇ ಭಾರವನ್ನು ಹಿಡಿದು ನಿಲ್ಲಿಸುತ್ತಿತ್ತು, ಬಾಲ್ ಸ್ಕ್ರೂವಿನಲ್ಲಿ ಘರ್ಷಣೆ ಅತ್ಯಲ್ಪವಾದುದರಿಂದ, ವಿದ್ಯುತ್ತು ಹೋದ ಕ್ಷಣವೇ ಮೇಲಿದ್ದ ಭಾಗ ತನ್ನ ತೂಕದಿಂದ ಕೆಳಗಿಳಿಯತೊಡಗುತ್ತದೆ. ಲಂಬ ದಿಕ್ಕಿನ ಮೋಟಾರಿಗೆ ಬ್ರೇಕನ್ನಾಗಲಿ ಪ್ರತಿಭಾರವನ್ನಾಗಲಿ ಒದಗಿಸದೆ ಯಂತ್ರವನ್ನು ಚಾಲನೆ ಮಾಡುವುದು ಆಪರೇಟರನ ಕೈಯನ್ನೇ ಪಣಕ್ಕೆ ಒಡ್ಡಿದಂತೆ. ತುರ್ತುನಿಲುಗಡೆಯ ಗುಂಡಿಯೂ ಅಷ್ಟೆ. ಅದು ಗಣಕದ ಅನುಮತಿಗೆ ಕಾಯದೆ ನೇರವಾಗಿ ಮೋಟಾರುಗಳ ವಿದ್ಯುತ್ತನ್ನೇ ಕಡಿಯುವಂತಿರಬೇಕು.

ಸೂಕ್ಷ್ಮತೆಯ ವಿಷಯದಲ್ಲಿಯೂ ಒಂದು ಭ್ರಮೆ ಹರಡಿದೆ. ಒಂದು ಸುತ್ತಿಗೆ 5 ಮಿಲಿಮೀಟರ್ ಸಾಗುವ ಬಾಲ್ ಸ್ಕ್ರೂವಿಗೆ, ಒಂದು ಸುತ್ತನ್ನು 10,000 ಭಾಗವಾಗಿ ಎಣಿಸುವ ಎನ್ಕೋಡರನ್ನು ಜೋಡಿಸಿದರೆ, ಗಣಕದ ತೆರೆಯ ಮೇಲೆ ಅರ್ಧ ಮೈಕ್ರಾನಿನ ಅಂಕಿ ಮೂಡುತ್ತದೆ. ಅಂಕಿ ಸೂಕ್ಷ್ಮವಾದ ಮಾತ್ರಕ್ಕೆ ಜಾಬು ಅಷ್ಟು ಸೂಕ್ಷ್ಮವಾಗಿ ಬಂದಿತೆಂದು ತಿಳಿಯುವುದು ಸಲ್ಲದು. ಟೇಬಲ್ ಜಾರುವ ಸ್ಲೈಡು ನಡುವೆ ಸವೆದು ತಗ್ಗಾಗಿದ್ದರೆ, ಸ್ಕ್ರೂ ಎಷ್ಟು ನಿಖರವಾಗಿ ತಿರುಗಿದರೂ ಟೇಬಲ್ ತಗ್ಗಿಗೆ ಇಳಿದೇ ಇಳಿಯುತ್ತದೆ.

ಆ ಸ್ಲೈಡನ್ನು ಸರಿಪಡಿಸುವ ಸ್ಕ್ರೇಪಿಂಗ್ ವಿದ್ಯೆಯನ್ನು ಇಂದು ಈ ಅಂಗಳದಲ್ಲಿಯೇ ಕಾಣಬಹುದೆಂದು ಕೇಳಿ ನನಗೆ ಪರಮ ಸಂತೋಷವಾಯಿತು. ನೇರವಾದ ಮಾಪಕಕ್ಕೆ ನೀಲಿಯನ್ನು ತೆಳ್ಳಗೆ ಸವರಿ, ಅದನ್ನು ಸ್ಲೈಡಿನ ಮೇಲೆ ಮೆಲ್ಲನೆ ಎಳೆದಾಗ, ಉಬ್ಬಿರುವ ಕಡೆಗಳಲ್ಲಿ ಮಾತ್ರ ನೀಲಿ ಚುಕ್ಕೆಗಳು ಬೀಳುತ್ತವೆ. ಫಿಟ್ಟರ್ ತನ್ನ ಸ್ಕ್ರೇಪರಿನಿಂದ ಆ ಚುಕ್ಕೆಗಳನ್ನಷ್ಟೇ ಹೆರೆದು, ಒರೆಸಿ, ಮತ್ತೆ ನೀಲಿ ಹಚ್ಚಿ ನೋಡುತ್ತಾನೆ. ದೊಡ್ಡ ಚುಕ್ಕೆಗಳು ಒಡೆದು ಸಣ್ಣವಾಗಿ, ಸಣ್ಣವು ಎಲ್ಲೆಡೆಯೂ ಸಮವಾಗಿ ಹರಡುವವರೆಗೆ ಈ ಕೆಲಸ ದಿನಗಟ್ಟಲೆ ಸಾಗುತ್ತದೆ. ಹೆರೆದ ಗುಳಿಗಳಲ್ಲಿ ಎಣ್ಣೆ ನಿಂತು, ಟೇಬಲ್ ತಡೆತಡೆದು ಸಾಗದೆ ನಯವಾಗಿ ಸರಿಯುತ್ತದೆ. ಇಂಥ ಕೈಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಗಣಕವನ್ನು ಜೋಡಿಸಬಲ್ಲ ತರುಣರು ಹೇರಳವಾಗಿ ಸಿಗುತ್ತಾರೆ. ಸ್ಲೈಡನ್ನು ಹೆರೆಯಬಲ್ಲವರು ವಿರಳ. ಈ ವಿದ್ಯೆ ನಮ್ಮ ಐ.ಟಿ.ಐ.ಗಳಲ್ಲಿ ಪ್ರೋಗ್ರಾಮಿಂಗಿನ ಜೊತೆಜೊತೆಗೆ ಕಲಿಸಲ್ಪಡಬೇಕೆಂಬುದು ನನ್ನ ಕಳಕಳಿಯ ಪ್ರಾರ್ಥನೆ.

ಎಲ್ಲ ಹಳೆಯ ಯಂತ್ರವೂ ಈ ಸಂಸ್ಕಾರಕ್ಕೆ ಅರ್ಹವೆಂದು ನಾನು ಹೇಳಲಾರೆ. ಸ್ಪಿಂಡಲ್ಲಿನ ಗೂಡೇ ಹಾಳಾಗಿದ್ದರೆ, ಎರಕ ಸೀಳಿದ್ದರೆ, ಅದನ್ನು ಕುಲುಮೆಗೆ ಕಳುಹಿಸುವುದೇ ಸರಿ. ಹಳೆಯ ಗೇರುಪೆಟ್ಟಿಗೆಯ ಸ್ಪಿಂಡಲ್ ಇಂದಿನ ಯಂತ್ರಗಳಂತೆ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗಲಾರದು. ಸಾವಿರಗಟ್ಟಲೆ ಜಾಬುಗಳನ್ನು ಹಗಲಿರುಳು ತೆಗೆಯುವ ಕಾರ್ಖಾನೆಗೆ ಹೊಸ ಯಂತ್ರವೇ ತಕ್ಕದ್ದು. ಆದರೆ ಹತ್ತಿಪ್ಪತ್ತು ಜಾಬುಗಳನ್ನು ಮಾಡಿಕೊಡುವ, ಹೊಸ ಯಂತ್ರಕ್ಕೆ ಬ್ಯಾಂಕಿನ ಸಾಲ ತೆಗೆದರೆ ಕಂತಿನ ಭಾರಕ್ಕೆ ಕುಗ್ಗಿಹೋಗುವ ಚಿಕ್ಕ ಯಂತ್ರಶಾಲೆಗೆ, ತನ್ನಲ್ಲಿಯೇ ಇರುವ ಯಂತ್ರದ ಈ ಪುನರುಜ್ಜೀವನ ನಿಜವಾದ ಆಸರೆ.

ಇನ್ನೊಂದು ವಿಷಯವನ್ನು ಯಂತ್ರಶಾಲೆಗಳ ಒಡೆಯರಲ್ಲಿ ವಿನಂತಿಸುತ್ತೇನೆ. ಯಂತ್ರಕ್ಕೆ ಗಣಕ ಬಂದೊಡನೆ, ಆ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತ ಆಪರೇಟರನ್ನು ಬದಿಗೆ ಸರಿಸಬೇಡಿ. ಕಡಿತದ ಸದ್ದು ಬದಲಾದರೆ ಕಟರು ಮೊಂಡಾಯಿತೆಂದು, ಚೂರು ನೀಲಿಗಟ್ಟಿದರೆ ಬಿಸಿ ಹೆಚ್ಚಾಯಿತೆಂದು ಆತ ಬಲ್ಲ. ಯಾವ ಫೀಡಿಗೆ ಜಾಬು ನಡುಗುವುದೆಂಬುದು ಆತನ ಅಂಗೈಗೆ ಗೊತ್ತು. ಆ ಜ್ಞಾನವಿಲ್ಲದೆ ಬರೆದ ಪ್ರೋಗ್ರಾಮು ಅಕ್ಷರಶಃ ಸರಿಯಾಗಿದ್ದರೂ ಉಕ್ಕಿನ ಮುಂದೆ ಸೋಲುತ್ತದೆ. ಪ್ರೋಗ್ರಾಮು ಬರೆಯಲು ಬಳಸುವ ಜಿ ಮತ್ತು ಎಂ ಅಕ್ಷರಗಳ ಸಂಕೇತಗಳು ಕೆಲವೇ ವಾರಗಳ ಅಭ್ಯಾಸಕ್ಕೆ ಒಲಿಯತಕ್ಕವು. ಲೋಹದ ಪರಿಚಯ ಹಾಗಲ್ಲ. ಹಳೆಯ ಯಂತ್ರವನ್ನು ಉಳಿಸಿಕೊಳ್ಳುವ ನ್ಯಾಯ ಯಾವುದೋ, ಅದನ್ನು ನಡೆಸಿದವರನ್ನು ಉಳಿಸಿಕೊಳ್ಳುವ ನ್ಯಾಯವೂ ಅದೇ.

ಪ್ರೇಕ್ಷಕರಾಗಿ ಬಂದಿರುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಸೂಚನೆ. ಇಲ್ಲಿನ ಪ್ರತಿ ಯಂತ್ರದ ಮುಂದೆಯೂ ಒಂದು ವೃತ್ತವನ್ನು ಕಡಿದು ತೋರಿಸುವಂತೆ ಕೇಳಿರಿ. ವೃತ್ತದ ನಾಲ್ಕು ಬದಿಗಳಲ್ಲಿ, ಟೇಬಲ್ ಒಂದು ದಿಕ್ಕಿನ ಚಲನೆಯನ್ನು ನಿಲ್ಲಿಸಿ ಮರಳುವ ಎಡೆಗಳಲ್ಲಿ, ಉಗುರನ್ನಾಡಿಸಿ ನೋಡಿರಿ. ಅಲ್ಲಿ ಮೆಟ್ಟಿಲು ತಗಲಿದರೆ ತೆರವು ಇನ್ನೂ ಉಳಿದಿದೆಯೆಂದು ಅರ್ಥ. ಉಗುರು ಎಲ್ಲಿಯೂ ತಡೆಯದೆ ಸುತ್ತಿಬಂದರೆ ಡಯಲ್ ಗೇಜಿನಿಂದಲೂ ಪರೀಕ್ಷಿಸಿ, ಆಮೇಲೆ ಅದನ್ನು ಸಿದ್ಧಪಡಿಸಿದವರಿಗೆ ನಮಸ್ಕರಿಸಿ, ಹೇಗೆ ಮಾಡಿದಿರೆಂದು ಕೇಳಿ ಬರೆದುಕೊಳ್ಳಿರಿ. ಊರಿಗೆ ಮರಳಿದ ಮೇಲೆ ನಿಮ್ಮ ಶಾಲೆಯ ಮೂಲೆಯಲ್ಲಿರುವ ಯಂತ್ರದ ಧೂಳನ್ನು ಕೊಡವಿ, ಅದರ ಸ್ಲೈಡಿಗೆ ಮಾಪಕವನ್ನಿಟ್ಟು, ಅದು ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂಬುದನ್ನು ನೀವೇ ನಿರ್ಣಯಿಸಿರಿ. ಅಂಥ ಹತ್ತು ಯಂತ್ರಗಳಾದರೂ ಮತ್ತೆ ದುಡಿಮೆಗೆ ಮರಳಿದರೆ ಈ ಪ್ರದರ್ಶನದ ಶ್ರಮ ಸಾರ್ಥಕವಾಯಿತೆಂದೇ ನಾನು ಭಾವಿಸುತ್ತೇನೆ.

ಈ ಮಾತುಗಳೊಡನೆ, ಯಂತ್ರಗಳನ್ನು ಹೆರೆದು, ತಿದ್ದಿ, ಜೋಡಿಸಿ ನಿಲ್ಲಿಸಿರುವ ಎಲ್ಲ ಕುಶಲಕರ್ಮಿಗಳ ಹೆಸರಿನಲ್ಲಿ, ಈ ಪ್ರದರ್ಶನವನ್ನು ಬಹು ಸಂತೋಷದಿಂದ ಉದ್ಘಾಟಿಸುತ್ತೇನೆ.