ಕದ ತಟ್ಟದೆ ಒಳಹೊಕ್ಕ ಹಿತೈಷಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ಬ್ಯಾರನ್ನಿನ ಭಯ ಚೆನ್ನಾಗಿ ಗೊತ್ತು. ಸೊಪ್ಪು ಹದಗೊಳ್ಳುವಾಗ ಕಾದ ಕೊಳವೆಯ ಮೇಲೆ ಒಣಗಿದ ಎಲೆಯೊಂದು ಕಳಚಿ ಬಿದ್ದರೆ ಸಾಕು, ವರ್ಷದ ದುಡಿಮೆ ಬೂದಿಯಾದೀತು. ನೆರೆಯವನೊಬ್ಬನು ಕಿಂಡಿಯಿಂದ ಅದನ್ನು ಕಂಡು ಕೂಗಿ ಹೇಳಿದರೆ ಹರಸುತ್ತೇವೆ. ಅವನೇ ನಡುರಾತ್ರಿ ಬೀಗ ತೆಗೆದು ಒಳಹೊಕ್ಕು, ‘ನಿಮ್ಮ ಬೀಗ ಎಷ್ಟು ಸಡಿಲವೆಂದು ತೋರಿಸಲು ಬಂದೆ’ ಎಂದರೆ? ಗಣಕಯಂತ್ರಗಳ ಲೋಕದಲ್ಲಿ ಎದ್ದಿರುವ ಧರ್ಮಸಂಕಟವೂ ಇದೇ ಜಾತಿಯದು.

2017ರ ಆಗಸ್ಟಿನಲ್ಲಿ ಬೆಂಗಳೂರಿನ ಪೊಲೀಸರು ಆಧಾರ್ ಪ್ರಾಧಿಕಾರದ ದೂರಿನ ಮೇಲೆ ತರುಣ ಇಂಜಿನಿಯರನೊಬ್ಬನನ್ನು ಬಂಧಿಸಿದರು. ಸರ್ಕಾರದ ‘ಇ-ಹಾಸ್ಪಿಟಲ್’ ವ್ಯವಸ್ಥೆಯ ಮೂಲಕ, ಅನುಮತಿಯಿಲ್ಲದೆ, ಆಧಾರ್ ವಿವರಗಳನ್ನು ಪಡೆಯುವ ಆಪ್ ಒಂದನ್ನು ಅವನು ರಚಿಸಿದ್ದನೆಂಬುದು ಆರೋಪ. ಅದರ ಜಾಹೀರಾತಿನಿಂದ ಅವನಿಗೆ ಹಣವೂ ಬಂದಿತ್ತೆಂದು ಪೊಲೀಸರು ಹೇಳಿದರು. ಆರೋಪ ನಿಜವಾದರೆ ಅವನನ್ನು ಹಿತೈಷಿಯೆನ್ನಲು ನನ್ನ ನಾಲಗೆ ಏಳದು. ಆದರೂ ಅಂಥದೊಂದು ಹಿಂಬಾಗಿಲು ಇತ್ತೆಂಬುದು ಜನಸಾಮಾನ್ಯರ ಕಿವಿಗೆ ಬಿದ್ದದ್ದು ಈ ಪ್ರಕರಣದಿಂದಲೇ ಅಲ್ಲವೆ?

2018ರ ಜನವರಿಯದು ಬೇರೆ ಬಗೆ. ‘ಟ್ರಿಬ್ಯೂನ್’ ಪತ್ರಿಕೆಯ ವರದಿಗಾರ್ತಿಯೊಬ್ಬರು ದಲ್ಲಾಳಿಯೊಬ್ಬನಿಗೆ 500 ರೂಪಾಯಿ ಕೊಟ್ಟು, ಆಧಾರ್ ವಿವರಗಳು ಬಿಕರಿಗಿವೆಯೆಂದು ಬರೆದರು. ಎಫ್‌ಐಆರ್‌ನಲ್ಲಿ ಆಕೆಯ ಹೆಸರೂ ಸೇರಿತು! ಬೆಂಕಿ ಬಿದ್ದಿದೆಯೆಂದು ಕೂಗಿದವರ ಕೈಯಲ್ಲೇ ಬೆಂಕಿಕಡ್ಡಿ ಹುಡುಕುವ ಪರಿ ಇದು.

ಹಾಗೆಂದು ಸದುದ್ದೇಶವೊಂದೇ ಸಾಕೆನ್ನುವಂತೆಯೂ ಇಲ್ಲ. 1988ರ ನವೆಂಬರಿನಲ್ಲಿ ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್, ಗಣಕಜಾಲದ ರಕ್ಷಣೆ ಎಷ್ಟು ದುರ್ಬಲವೆಂದು ತೋರಿಸಲು ಒಂದು ಪ್ರೋಗ್ರಾಮನ್ನು ಹರಿಯಬಿಟ್ಟ. ಅದು ಅವನೆಣಿಕೆ ಮೀರಿ ಹಬ್ಬಿ ಸಾವಿರಾರು ಯಂತ್ರಗಳನ್ನು ಕಂಗೆಡಿಸಿತು. ಹಾನಿಯ ಉದ್ದೇಶವಿರಬೇಕಿಲ್ಲ, ಅನುಮತಿಯಿಲ್ಲದೆ ಹೊಕ್ಕ ಉದ್ದೇಶವೇ ಸಾಕೆಂದು 1991ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಸೆರೆಮನೆ ಮಾತ್ರ ತಪ್ಪಿತು. 400 ಗಂಟೆಗಳ ಸಮಾಜಸೇವೆ, 10,050 ಡಾಲರು ದಂಡ.

ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ತುಸು ವಿವೇಚನೆ ತೋರಿದೆ. ಅನುಮತಿಯಿಲ್ಲದೆ ಹೊಕ್ಕರೆ 43ನೆಯ ಕಲಮಿನಂತೆ ಪರಿಹಾರ ತೆರಬೇಕು. 66ನೆಯ ಕಲಮಿನ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಅಪ್ರಾಮಾಣಿಕತೆಯೋ ವಂಚನೆಯೋ ಇರಬೇಕು. ಆದರೆ ಅದು ಸಾಬೀತಾಗುವುದು ನ್ಯಾಯಾಲಯದಲ್ಲಿ. ಠಾಣೆಯ ಮೆಟ್ಟಿಲು ಅದಕ್ಕಿಂತ ಮೊದಲು ಬರುತ್ತದೆ. ಹೊರಗಿನಿಂದ ಕಂಡ ದೋಷವನ್ನು ತಿಳಿಸಲು ಸರ್ಕಾರದ ಸರ್ಟ್-ಇನ್ ಸಂಸ್ಥೆ 2004ರಿಂದ ಇದೆ. ತಿಳಿಸಿದವನನ್ನೇ ಆರೋಪಿಯಾಗಿಸುವುದಿಲ್ಲವೆಂಬ ಮಾತನ್ನು ಕಾಯಿದೆಯಲ್ಲೇ ಬರೆದುಕೊಟ್ಟರೆ, ಬೀಗ ಮುರಿಯುವ ಬದಲು ಕದ ತಟ್ಟುವವರು ಇನ್ನೂ ಹೆಚ್ಚಿಯಾರು.