ಗಾಳಿಕೋವಿಯ ಸದ್ದು

ಕೊಡಗಿನ ಮನೆತನಗಳಲ್ಲಿ ಹಿಂದಿನಿಂದ ಬಂದ ಒಂದು ವಾಡಿಕೆಯಿದೆ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು. ಗದ್ದೆಯಾಚೆಯ ನೆರೆಯವರು ಸದ್ದನ್ನು ಎಣಿಸಿಯೇ ಸಂತೋಷವನ್ನೋ ದುಃಖವನ್ನೋ ತಿಳಿಯುತ್ತಾರೆ. ಕೋವಿಯ ಸದ್ದು ಊರಿಗೆ ಮುಟ್ಟುವ ಒಂದು ಸಮಾಚಾರವೆಂಬುದನ್ನು ಈ ವಾಡಿಕೆ ನೆನಪಿಸುತ್ತದೆ. ಆ ಸಮಾಚಾರವನ್ನು ಅಡಗಿಸುವ ಹಕ್ಕು ಯಾರಿಗಾದರೂ ಉಂಟೇ ಎಂಬುದು ನನ್ನ ಇಂದಿನ ಮಾತಿನ ವಿಷಯ.

ಕೆಲವು ತಿಂಗಳ ಹಿಂದೆ ಪರಿಚಿತರೊಬ್ಬರು ನನ್ನಲ್ಲಿ ಕಾನೂನಿನ ಸಲಹೆ ಕೇಳಲು ಬಂದರು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದ ಕಥೆಯನ್ನು ಕೇಳಿ ಬೆಳೆದ ಹುಡುಗ ಅವರ ಮಗ. ಮನೆಯ ಹಿತ್ತಲಿನಲ್ಲಿ ದಿನವೂ ಗುರಿಯ ಅಭ್ಯಾಸ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರೊಬ್ಬರಿದ್ದಾರೆ. ಪ್ರತಿ ಸದ್ದಿಗೂ ಬೆಚ್ಚಿಬೀಳುತ್ತಾರೆ. ಆದ್ದರಿಂದ ಕೋವಿಯ ಮೂತಿಗೆ ಸೈಲೆನ್ಸರ್ ತೊಡಿಸಬೇಕೆಂದು ತಂದೆ ಯೋಚಿಸಿದ್ದರು. "ಕೋವಿಗೇ ಲೈಸೆನ್ಸ್ ಬೇಡವಂತೆ, ಸ್ವಾಮಿ. ಇನ್ನು ಅದಕ್ಕೆ ಸಿಕ್ಕಿಸುವ ಕೊಳವೆಗೆ ಬೇಕೇ?" ಎಂದು ಕೇಳಿದರು. ಅವರ ಉದ್ದೇಶ ಒಳ್ಳೆಯದು, ತರ್ಕವೂ ನೇರವಾಗಿತ್ತು. ಆದರೆ ಕಾನೂನಿನ ತರ್ಕ ಬೇರೆ.

ಮೊದಲು ಈ ಕೊಳವೆ ಏನು ಮಾಡುತ್ತದೆಂಬುದನ್ನು ನೋಡೋಣ. ಗಾಳಿಕೋವಿಯಲ್ಲಿ ಗುಂಡನ್ನು ತಳ್ಳುವುದು ಒತ್ತಿಹಿಡಿದ ಗಾಳಿ. ಗುಂಡಿನ ಬೆನ್ನಿಗೇ ಹೊರನುಗ್ಗುವ ಆ ಗಾಳಿ ನಳಿಗೆಯ ಬಾಯಲ್ಲಿ ಒಮ್ಮೆಲೇ ಹಿಗ್ಗುವುದರಿಂದ ಸದ್ದು ಹುಟ್ಟುತ್ತದೆ. ಸೈಲೆನ್ಸರ್ ತನ್ನ ಒಳಗಿನ ಅಡ್ಡಗೋಡೆಗಳ ನಡುವೆ ಗಾಳಿಯನ್ನು ಹಂತಹಂತವಾಗಿ ಹಿಗ್ಗಿಸಿ ಮೆಲ್ಲನೆ ಬಿಡುತ್ತದೆ. ಮೋಟಾರಿನ ಹೊಗೆಕೊಳವೆಯದೂ ಇದೇ ತತ್ತ್ವ. ಕೋವಿಗೆ ಇದನ್ನು ಅಳವಡಿಸಿ 1909ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಹಿರಾಮ್ ಪರ್ಸಿ ಮ್ಯಾಕ್ಸಿಮ್. ಮೆಷಿನ್ ಗನ್ನನ್ನು ಲೋಕಕ್ಕೆ ಕೊಟ್ಟ ಹಿರಾಮ್ ಸ್ಟೀವನ್ಸ್ ಮ್ಯಾಕ್ಸಿಮ್ ಇವರ ತಂದೆ!

ಈಗ ನಮ್ಮ ಕಾಯಿದೆಗೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯಿದೆಯ 2ನೆಯ ಕಲಮು ಬಂದೂಕಿಗೆ ಕೊಡುವ ಅರ್ಥ ಬಹು ವಿಶಾಲವಾದುದು. ಸ್ಫೋಟಕದಿಂದಾಗಲಿ, ಬೇರಾವುದೇ ಬಗೆಯ ಶಕ್ತಿಯಿಂದಾಗಲಿ ಗುಂಡನ್ನು ಹಾರಿಸುವ ಆಯುಧವೆಲ್ಲ ಬಂದೂಕೇ. ಗಾಳಿಯೂ ಒಂದು ಶಕ್ತಿಯಷ್ಟೆ. ಅಷ್ಟೇ ಅಲ್ಲ, ಹಾರಿಸುವಾಗಿನ ಸದ್ದನ್ನಾಗಲಿ ಬೆಳಕನ್ನಾಗಲಿ ಕುಗ್ಗಿಸಲೆಂದು ಮಾಡಿದ ಉಪಕರಣವನ್ನೂ ಅದೇ ಕಲಮು ಬಂದೂಕಿನ ಅರ್ಥದೊಳಕ್ಕೆ ಸೇರಿಸಿದೆ. ಹೀಗಾಗಿ ಒಂದು ಗುಂಡನ್ನೂ ಹಾರಿಸಲಾರದ ಟೊಳ್ಳು ಕೊಳವೆ ಕಾನೂನಿನ ಕಣ್ಣಿನಲ್ಲಿ ತಾನೇ ಬಂದೂಕಾಗಿ ನಿಲ್ಲುತ್ತದೆ.

ಹಾಗಾದರೆ ಹುಡುಗನ ಕೋವಿಗೆ ಲೈಸೆನ್ಸ್ ಬೇಡವಾದದ್ದು ಹೇಗೆ? ಅದು ವಿನಾಯಿತಿಯ ಫಲ. 2016ರ ನಿಯಮಗಳ ಪ್ರಕಾರ ಗಾಳಿಕೋವಿಯ ಶಕ್ತಿ 20 ಜೌಲ್‌ಗಳನ್ನಾಗಲಿ, ನಳಿಗೆಯ ವ್ಯಾಸ 4.5 ಮಿಲಿಮೀಟರನ್ನಾಗಲಿ ಮೀರಿದರೆ ಲೈಸೆನ್ಸ್ ಬೇಕು, ಮೀರದಿದ್ದರೆ ಬೇಡ. ಈ ರಿಯಾಯಿತಿಯನ್ನು ಅಳೆದು ಕೊಟ್ಟಿರುವುದು ಕೋವಿಗೆ. ಕೊಳವೆಗೆ ಶಕ್ತಿಯೂ ಇಲ್ಲ, ಅಳೆಯಲು ಜೌಲ್ ಕೂಡ ಇಲ್ಲ. ಕೋವಿಗೆ ಸಿಕ್ಕ ರಿಯಾಯಿತಿ ಅದಕ್ಕೂ ತಾನಾಗಿಯೇ ಹರಿದುಬರುತ್ತದೆಂದು ನಂಬುವುದು ಅಪಾಯಕರ. 2019ರ ತಿದ್ದುಪಡಿಯ ಬಳಿಕ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡವರಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ. ನೆರೆಯವರ ನಿದ್ದೆ ಕಾಯಲು ಹೋದ ತಂದೆ ಇಂಥ ಆಪಾದನೆಗೆ ಗುರಿಯಾಗಬಹುದಿತ್ತು.

ಎಲ್ಲ ದೇಶಗಳೂ ಹೀಗೆಯೇ ನೋಡುತ್ತವೆಂದಲ್ಲ. ಇಂಗ್ಲೆಂಡಿನಲ್ಲಿ ಪ್ರಮಾಣಪತ್ರ ಬೇಡದ ಕಡಿಮೆ ಶಕ್ತಿಯ ಗಾಳಿಕೋವಿಗೆ ಇಂಥ ಕೊಳವೆಯನ್ನು ಹಾಕಲು ಪ್ರಮಾಣಪತ್ರ ಬೇಕಿಲ್ಲ. ಅಲ್ಲಿ ಅದು ನೆರೆಹೊರೆಗೆ ತೋರುವ ಸೌಜನ್ಯವೆನಿಸಿದೆ. ಅಮೆರಿಕದ ಕೇಂದ್ರ ಕಾನೂನು ಗಾಳಿಕೋವಿಯನ್ನು ಬಂದೂಕೆಂದು ಎಣಿಸುವುದೇ ಇಲ್ಲ. ಆದರೆ ಅದರ ಕೊಳವೆಯನ್ನು ಬಿಚ್ಚಿ ಮದ್ದಿನ ಬಂದೂಕಿಗೆ ತೊಡಿಸಬಹುದಾದರೆ, 1934ರ ಕಾಯಿದೆಯ ನೋಂದಣಿಯ ತೊಡಕು ಎದುರಾಗುತ್ತದೆ. ಅದಕ್ಕೆಂದೇ ಅಲ್ಲಿನ ಕೆಲವು ತಯಾರಕರು ಅದನ್ನು ಬಿಚ್ಚಲು ಬಾರದಂತೆ ನಳಿಗೆಗೇ ಬೆಸೆದು ಮಾರುತ್ತಾರೆ.

ನಮ್ಮ ಕಾನೂನು ಅತಿ ಬಿಗಿಯೇ? ಆ ತಂದೆಯ ಮುಖ ನೋಡಿದಾಗ ನನಗೆ ಹಾಗೆಯೇ ತೋರಿತು. ಆದರೆ ಗಾಳಿಕೋವಿಯ ಇನ್ನೊಂದು ಬಳಕೆಯನ್ನೂ ನಾವು ಬಲ್ಲೆವು. ಕೆರೆಯಂಚಿನ ಕೊಕ್ಕರೆಗೆ, ಆಲದ ಮರದ ಹಸಿರು ಪಾರಿವಾಳಕ್ಕೆ ಆ ಪುಟ್ಟ ಸೀಸದ ಗುಂಡೇ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಂಥ ಬೇಟೆಯನ್ನು ನಿಷೇಧಿಸಿದೆ. ಆದರೂ ಅರುಣಾಚಲ ಪ್ರದೇಶದಲ್ಲಿ ಕಾಡು ಮೌನವಾಗುತ್ತಿದೆಯೆಂಬ ಕಳವಳದಿಂದ 2021ರಲ್ಲಿ ಗಾಳಿಕೋವಿಗಳನ್ನು ಸ್ವಇಚ್ಛೆಯಿಂದ ಒಪ್ಪಿಸುವ ಆಂದೋಲನವನ್ನೇ ಆರಂಭಿಸಬೇಕಾಯಿತು. ಕತ್ತಲೆಯ ಕಾಡಿನಲ್ಲಿ ಅರಣ್ಯ ರಕ್ಷಕನಿಗೆ ದಾರಿ ತೋರುವುದು ಒಂದು ಸದ್ದು ಮಾತ್ರ. ಉಳಿದ ಹಕ್ಕಿಗಳನ್ನು ಎಬ್ಬಿಸಿ ಹಾರಿಸುವುದೂ ಅದೇ ಸದ್ದು. ಆ ಸಾಕ್ಷಿಯನ್ನು ಕಳೆದುಕೊಳ್ಳಲು ಕಾನೂನು ಸಿದ್ಧವಿಲ್ಲದಿದ್ದರೆ ಅದನ್ನು ಪೂರ್ತಿ ತಪ್ಪೆನ್ನಲಾರೆ. ಉದ್ದೇಶವನ್ನು ತೂಗಿ, ಗುರಿಯ ಅಂಕಣದ ಅಭ್ಯಾಸಿಗೂ ಕಾಡಿನ ಕಳ್ಳಬೇಟೆಗಾರನಿಗೂ ಸ್ಪಷ್ಟ ಮಾತುಗಳಲ್ಲಿ ಭೇದ ಮಾಡಿದ್ದರೆ ಇನ್ನೂ ಚೆನ್ನಾಗಿತ್ತು ಎನ್ನಬಲ್ಲೆ.

ಕೊಳವೆಯ ಆಸೆ ಬಿಡಿ ಎಂದೆ, ಅವರು ಬಿಟ್ಟರು. ಗುರಿಯ ಹಿಂದಿನ ತಗಡಿಗೆ ಗುಂಡು ಬಡಿಯುವುದೇ ಅರ್ಧ ಗದ್ದಲಕ್ಕೆ ಕಾರಣವೆಂದು ಆಮೇಲೆ ಗೊತ್ತಾಯಿತು. ಅಲ್ಲಿ ದಪ್ಪನೆಯ ಜೇಡಿಮಣ್ಣಿನ ಹಲಗೆ ನಿಲ್ಲಿಸಿದರು. ಹುಡುಗ ತಾನೇ ಪಕ್ಕದ ಮನೆಗೆ ಹೋಗಿ ವೃದ್ಧರನ್ನು ಅವರು ಎದ್ದು ಕುಳಿತಿರುವ ಹೊತ್ತು ಯಾವುದೆಂದು ಕೇಳಿಕೊಂಡು ಬಂದ. ಈಗ ಸಂಜೆ ಐದರಿಂದ ಆರರವರೆಗೆ ಮಾತ್ರ ಅಭ್ಯಾಸ. ಸದ್ದು ನಿಂತಿಲ್ಲ; ಅದು ಯಾರದು, ಏತಕ್ಕೆ ಎಂಬುದು ಆ ವೃದ್ಧರಿಗೆ ಈಗ ಗೊತ್ತಿದೆ.